ಸಾಹುಕಾರನಿಗೆ ಆರು ಸಾವಿರ ಹೆಜ್ಜೆ

ಹಿಂದಿನ ಸಂಜೆ ಬೀದಿಗೆ ಬೀದಿಯೇ ಕರೆಂಟು ಹೋಗಿತ್ತು. ಆಸ್ಪತ್ರೆಯ ಲಿಫ್ಟು ಓಡಿಸುವ ಲಿಫ್ಟಣ್ಣನ ಸ್ಮಾರ್ಟ್‌ವಾಚು ಚಾರ್ಜ್ ಆಗದೆ ಪ್ರಾಣ ಬಿಟ್ಟಿತ್ತು. ಅದು ಸತ್ತಿದೆಯೆಂದು ನೋಡಿಕೊಳ್ಳದೆ ಅವನು ಅದನ್ನೇ ಕೈಗೆ ಕಟ್ಟಿಕೊಂಡು, ಬೆಳಿಗ್ಗೆ ಮನೆಯಿಂದ ಆಸ್ಪತ್ರೆಯವರೆಗೆ ಐದು ಕಿಲೋಮೀಟರು ನಡೆದು ಬಂದ. ಮಾಡಿದ ತಪ್ಪು ಇಷ್ಟೇ. ಆದರೆ ಬಡವನ ತಪ್ಪು ಯಾವಾಗ ತಾನೇ ಇಷ್ಟಕ್ಕೆ ನಿಂತಿದೆ?

ಬಸ್ಸಿನಲ್ಲಿ ಬರಬಹುದಿತ್ತು. ನಲವತ್ತೈದು ದಿನದಿಂದ ಅವನು ಬೆಳಿಗ್ಗೆ ಹೊತ್ತು ಬಸ್ಸು ಹತ್ತಿರಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ "ಬಾರಯ್ಯಾ, ಸೀಟು ಖಾಲಿ ಇದೆ" ಎಂದು ಕರೆದರೂ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದ. ಅವನು ನಡೆಯುತ್ತಿದ್ದುದು ತನಗಾಗಿ ಅಲ್ಲ, ಆ ವಾಚಿನೊಳಗಿದ್ದ ಒಂದು ಹಕ್ಕಿಗಾಗಿ. ಅದೊಂದು ಆಟ. ವಾಚು ಕಟ್ಟಿದವರು ದಿನಕ್ಕೆ ಆರು ಸಾವಿರ ಹೆಜ್ಜೆ ನಡೆದರೆ ಹಕ್ಕಿಗೆ ಊಟ. ಹೊತ್ತು ಮುಳುಗುವುದರೊಳಗೆ ಅಷ್ಟು ಆಗದಿದ್ದರೆ ಹಕ್ಕಿ ಸಾಯುತ್ತದೆ. ಮನೆಯಿಂದ ಆಸ್ಪತ್ರೆಗೆ ಸರಿಯಾಗಿ ಆರು ಸಾವಿರದ ಇನ್ನೂರು. ದಿನಾ ಎಂಟು ಗಂಟೆಗೆ ಅವನು ಲಿಫ್ಟಿನ ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಹಕ್ಕಿ ಉಂಡು ತೇಗಿ ಮಲಗಿರುತ್ತಿತ್ತು.

ಇವತ್ತು ವಾಚಿನ ಮುಖ ಕಪ್ಪಗಿತ್ತು. ಮೆಟ್ಟಿಲ ಬುಡದಲ್ಲಿ ಚಹಾದವನ ಡಬ್ಬಿ ಅಂಗಡಿಯಿತ್ತು, ಅಲ್ಲೊಂದು ಪ್ಲಗ್ಗಿತ್ತು. ಅವನ ಕೈಗೆ ಕೊಟ್ಟ. ಅರ್ಧ ಗಂಟೆ ಬಿಟ್ಟು ಚಹಾದವನು ವಾಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಲಿಫ್ಟಿನ ಬಾಗಿಲಿಗೆ ಬಂದ. ಮುಖ ನೋಡಿದರೆ ಯಾರದೋ ಸಾವಿನ ಸುದ್ದಿ ತಂದವನಂತಿತ್ತು.

"ಅಣ್ಣಾ, ಎಚ್ಚರ ಆಯ್ತು. ಆದ್ರೆ ಯಾಕೋ ಸರಿ ಇಲ್ಲ."

ಹಕ್ಕಿ ಮಗ್ಗುಲಾಗಿ ಬಿದ್ದಿತ್ತು. ಕೊಕ್ಕು ತೆರೆದಿತ್ತು. ಕೆಳಗೆ ದುಂಡನೆಯ ಒಂದು ಸೊನ್ನೆ.

"ನಾನು ನಡೆದು ಬಂದೆನಲ್ಲೋ!"

"ನಡೆದಿದ್ದು ನೀನು. ನೋಡಿದ್ದು ಯಾರು?" ಎಂದ ಚಹಾದವನು.

ಅವನು ತಮಾಷೆಗೆ ಹೇಳಿದ್ದಲ್ಲ. ಆ ಕಟ್ಟಡದಲ್ಲಿ ಯಾರೂ ನೋಡದೆ ಮಾಡಿದ ಕೆಲಸ ಕೆಲಸವೇ ಅಲ್ಲವೆಂಬುದು ಕಸದ ಬುಟ್ಟಿಗೂ ಗೊತ್ತಿತ್ತು.

ಆ ವಾಚು ಲಿಫ್ಟಣ್ಣನದಲ್ಲ, ಅವನ ಹೆಂಡತಿಯದು. ಅದೇ ಆಸ್ಪತ್ರೆಯಲ್ಲಿ ಅವಳು ಹದಿನೈದು ವರ್ಷ ವಾರ್ಡಿನ ಆಯಾ ಆಗಿದ್ದಳು. ಎಲ್ಲರಿಗೂ ಅತ್ತಿಗೆ. ಹೋದ ವರ್ಷ ಆಡಳಿತದವರು 'ಆರೋಗ್ಯ ಯೋಜನೆ' ಎಂದು ವೇದಿಕೆ ಹಾಕಿ ಎಲ್ಲ ಕೆಲಸಗಾರರಿಗೂ ಒಂದೊಂದು ವಾಚು ಹಂಚಿದರು. ದೊಡ್ಡ ಡಾಕ್ಟರು ಮೈಕು ಹಿಡಿದು, "ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ, ನೂರು ವರ್ಷ ಬಾಳಿ" ಎಂದು ಹರಸಿದರು. ಎದುರಿಗೆ ಮೊದಲ ಸಾಲಿನಲ್ಲಿ ಕೂತಿದ್ದವರು ಪಾದ ಊದಿಕೊಂಡ ಆಯಾಗಳು. ಅವರು ಊಟದ ಹೊತ್ತಿಗೇ ಹತ್ತು ಸಾವಿರ ದಾಟುವವರು. ಮೀನಿಗೆ ಈಜಿನ ಪಾಠ ಹೇಳಿದ ಹಾಗಾಯಿತು. ತಿಂಗಳಿಗೆ ಅತಿ ಹೆಚ್ಚು ನಡೆದವರಿಗೆ ಬಹುಮಾನವೂ ಇತ್ತು. ಮೊದಲ ತಿಂಗಳು ಅತ್ತಿಗೆಯೇ ಎಲ್ಲರಿಗಿಂತ ಮುಂದಿದ್ದಳು. ಆಗ ತಿಳಿಯಿತು, ಬಹುಮಾನ ಕಾಯಂ ನೌಕರರಿಗೆ ಮಾತ್ರ ಎಂದು. ಅದು ಕಚೇರಿಯ ಒಬ್ಬ ಸಾಹೇಬರಿಗೆ ಹೋಯಿತು. ಅವರು ಮನೆಯಲ್ಲಿ ಓಡುವ ಯಂತ್ರದ ಮೇಲೆ ನಿಂತು ಎಲ್ಲಿಗೂ ಹೋಗದೆ ನಡೆದವರು.

ಬಹುಮಾನ ಹಾಳಾಗಲಿ, ವಾಚಿನಲ್ಲಿ ಆಟಗಳಿದ್ದವು. ಕೆಲಸಗಾರರು ಅವಕ್ಕೆ ಬಿದ್ದರು. ಕೈ ವಾಲಿಸಿ ಉದುರುವ ಹಣ್ಣು ಹಿಡಿಯುವ ಆಟ ಒಂದು. ಆಸ್ಪತ್ರೆಯ ಹಾಸಿಗೆಬಟ್ಟೆ ಹೊಲಿಯುವ ಟೈಲರು ಅದನ್ನು ಆಡುತ್ತಾ ಇನ್ನೊಂದು ಕೈಯಲ್ಲಿದ್ದ ಬಿಸಿ ಚಹಾವನ್ನೂ ವಾಲಿಸಿ ತೊಡೆ ಸುಟ್ಟುಕೊಂಡ. ಹಾವಿಗೆ ಕಪ್ಪೆ ತಿನ್ನಿಸುವ ಆಟ ಇನ್ನೊಂದು. ನೆಲ ಒರೆಸುವ ಜೋರಕ್ಕ ಅದನ್ನೇ ನೋಡುತ್ತಾ ನಡೆದು ಕಂಬಕ್ಕೆ ಹಣೆ ಚಚ್ಚಿಕೊಂಡಳು. ಅವಳ ದನಿ ಮೂರು ಮಹಡಿಗೆ ಕೇಳುವುದರಿಂದ ಜೋರಕ್ಕ ಎಂಬ ಹೆಸರು. ಅವತ್ತು ನಾಲ್ಕಕ್ಕೂ ಕೇಳಿಸಿತು. ಮೂರನೆಯದು ಈ ಹಕ್ಕಿ ಸಾಕುವ ಆಟ. ಎಲ್ಲರೂ ಸಾಕಿದರು, ರಜೆಯ ದಿನ ಕಾಲು ಚಾಚಿ ಮಲಗಿದರು, ಎಲ್ಲರ ಹಕ್ಕಿಯೂ ಒಂದು ವಾರದಲ್ಲಿ ಸತ್ತಿತು. ಜೋರಕ್ಕ ಮೂರು ಸಾಯಿಸಿದಳು. "ಮೂರನೇದಕ್ಕೆ ನಂಗೆ ಅಳುವೂ ಬರ್ಲಿಲ್ಲ ಕಣ್ರೇ" ಎಂದಳು.

ಬದುಕಿದ್ದು ಅತ್ತಿಗೆಯ ಹಕ್ಕಿ ಒಂದೇ. ದಿನಕ್ಕೆ ಹದಿಮೂರು ಸಾವಿರ ತಪ್ಪದೆ ತಿಂದು ಅದು ಕುಂಬಳಕಾಯಿಯ ಹಾಗೆ ದುಂಡಗಾಯಿತು. ಅವಳು ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದಳು. "ತಾನು ಒಂದು ಹೆಜ್ಜೆ ಎತ್ತಿಡಲ್ಲ. ನಂ ಕಾಲು ಸವೆಸಿ ತಾನು ದಪ್ಪಗಾಗ್ತಾನೆ. ಇನ್ನೇನು ಹೆಸರಿಡೋದು?" ಎನ್ನುತ್ತಿದ್ದಳು. ಮನೆಯಲ್ಲಿ ಗಂಡನನ್ನು ಬೈಯುವುದಿದ್ದರೂ ಅದರ ಮೂಲಕವೇ. "ನೋಡೋ ಸಾಹುಕಾರ, ಈ ಮನುಷ್ಯ ಒದ್ದೆ ಟವೆಲ್ಲು ಮಂಚದ ಮೇಲೆ ಎಸೆದಿದಾನೆ. ನಿಂಗಾದ್ರೂ ಬುದ್ಧಿ ಇದೆ." ಇಪ್ಪತ್ತು ವರ್ಷದ ಸಂಸಾರದಲ್ಲಿ ತನ್ನನ್ನು ಒಂದು ಬಟನ್ನಿನಷ್ಟು ಹಕ್ಕಿಗೆ ಹೋಲಿಸಿ ಕೀಳು ಮಾಡಿದಳಲ್ಲ ಎಂದು ಲಿಫ್ಟಣ್ಣನಿಗೆ ಕೋಪ ಬರುತ್ತಿತ್ತು. ಈಗ ಅಂಥ ಒಂದು ಬೈಗುಳಕ್ಕೆ ಅವನು ಏನು ಬೇಕಾದರೂ ಕೊಟ್ಟಾನು.

ಇನ್ನೊಂದು ಮಾತು ಹೇಳದಿದ್ದರೆ ಈ ಕತೆ ಸುಳ್ಳಾಗುತ್ತದೆ. ಆ ಆಸ್ಪತ್ರೆಯಲ್ಲಿ ಲಿಫ್ಟು ರೋಗಿಗಳಿಗೆ ಮತ್ತು ಡಾಕ್ಟರುಗಳಿಗೆ ಮಾತ್ರ. ಆಯಾಗಳು ಮೆಟ್ಟಿಲು ಹತ್ತಬೇಕು. ಗಂಡ ಇಡೀ ದಿನ ಕೂತು ಲಿಫ್ಟು ಓಡಿಸುತ್ತಿದ್ದ, ಹೆಂಡತಿ ಬಕೆಟ್ಟು ಹೊತ್ತು ಪಕ್ಕದ ಮೆಟ್ಟಿಲಲ್ಲಿ ಹತ್ತಿ ಇಳಿಯುತ್ತಿದ್ದಳು. ಮಹಡಿ ಮಹಡಿಗೆ ಕಂಬಿ ಬಾಗಿಲಿನ ಆಚೆ ಅವಳ ಮುಖ ಕಾಣುತ್ತಿತ್ತು. ಎರಡನೇ ಮಹಡಿಯಲ್ಲಿ ಅಣಕಿಸುತ್ತಿದ್ದಳು, ಮೂರನೆಯದರಲ್ಲಿ ಏದುಸಿರು ಬಿಡುತ್ತಿದ್ದಳು. ಹದಿನೈದು ವರ್ಷದಲ್ಲಿ ಅವಳು ಅವನ ಲಿಫ್ಟು ಹತ್ತಿದ್ದು ಒಂದೇ ಸಲ, ಸ್ಟ್ರೆಚರಿನ ಮೇಲೆ. ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಬಿದ್ದವಳನ್ನು ನಾಲ್ಕು ಜನ ಒಳಗೆ ತಳ್ಳಿದರು. ಅವನು ಬಗ್ಗಿ ಮುಖ ನೋಡುವ ಮೊದಲೇ ರೂಢಿಯಂತೆ ಬಾಯಿ ಕೇಳಿಬಿಟ್ಟಿತ್ತು: "ಎಷ್ಟನೇ ಮಹಡಿ?"

ಅವಳು ಸತ್ತು ನಲವತ್ತೈದು ದಿನ. ಬಟ್ಟೆಬರೆಯನ್ನು ಅವಳ ತಂಗಿ ತೆಗೆದುಕೊಂಡು ಹೋದಳು. ಉಳಿದದ್ದು ಸಾಹುಕಾರ. ಅವನೂ ಈಗ ಮಗ್ಗುಲಾಗಿ ಬಿದ್ದಿದ್ದಾನೆ.

ಊಟದ ಬಿಡುವಿನ ಒಂದು ಗಂಟೆಯಲ್ಲಿ ಕಾಂಪೌಂಡು ಸುತ್ತಿದರೆ ಆರು ಸಾವಿರ ಆಗುತ್ತದೆ ಎಂದು ಲಿಫ್ಟಣ್ಣ ಧೈರ್ಯ ತಂದುಕೊಂಡ. ಹತ್ತು ಗಂಟೆಗೆ ಮೇಲ್ವಿಚಾರಕ ಬಂದ. ಇವನಿಗೆ ಸೀಟಿ ಎಂದು ಅಡ್ಡಹೆಸರು, ಮಾತಾಡುವಾಗ ಹಲ್ಲಿನ ಸಂದಿಯಿಂದ ಗಾಳಿ ಬರುತ್ತಿತ್ತು.

"ಏಯ್, ಬಿಡುವಿಗೆ ಬರೋ ಬದಲಿಯವನಿಗೆ ಹಲ್ಲುನೋವಂತೆ. ಇವತ್ತು ಆರರವರೆಗೂ ನೀನೇ. ಊಟ ಇಲ್ಲೇ ಕೂತು ಮಾಡ್ಕೋ."

"ಸಾರ್, ಒಂದೇ ಒಂದು ಗಂಟೆ ಬಿಡಿ ಸಾರ್. ನಡೀಬೇಕು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಸಾರ್. ಸುಮ್ನೆ ನಡೀಬೇಕು."

ಸೀಟಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಹೆಂಡತಿ ಸತ್ತ ಮೇಲೆ ನಿಂಗೆ ತಲೆ ನೆಟ್ಟಗಿಲ್ಲ. ಸ್ಟೂಲು ಬಿಟ್ಟು ಎದ್ದರೆ ನಾಳೆ ಸ್ಟೂಲೂ ಇರಲ್ಲ, ನೀನೂ ಇರಲ್ಲ. ತಿಳೀತಾ?"

ತಿಳಿಯಿತು. ದಿನಕ್ಕೆ ಮುನ್ನೂರು ಸಲ ಮಹಡಿ ಹತ್ತಿ ಇಳಿಯುವ ಮನುಷ್ಯ, ಆದರೆ ವಾಚಿನ ಲೆಕ್ಕದಲ್ಲಿ ಕದಲದ ಕಲ್ಲುಗುಂಡು. ಆಕಾಶಕ್ಕೆ ಹೋಗಿ ಬಂದರೂ ಕುಂಡೆ ಸ್ಟೂಲಿನ ಮೇಲಿದ್ದರೆ ಅದು ನಡಿಗೆಯಲ್ಲ.

ಹಾಗಾದರೆ ಲಿಫ್ಟಿನೊಳಗೇ ನಡೆಯುತ್ತೇನೆ ಎಂದು ನಿಂತಲ್ಲೇ ಕಾಲೆತ್ತಿ ಹಾಕತೊಡಗಿದ. ಎಡ, ಬಲ, ಎಡ, ಬಲ. ಹಳೆಯ ಲಿಫ್ಟು. ಹಗ್ಗ ಕಿರ್ರೆಂದಿತು, ನೆಲ ತೊಟ್ಟಿಲಿನಂತೆ ತೂಗಿತು. ಎರಡನೇ ಮಹಡಿಯಲ್ಲಿ ಹತ್ತಿದ ಕಾಲುಮುರುಕ ರೋಗಿಯೊಬ್ಬ ಊರುಗೋಲನ್ನು ಅಪ್ಪಿಕೊಂಡು "ಭೂಕಂಪ! ಭೂಕಂಪ!" ಎಂದ.

"ಏನಿಲ್ಲ ಯಜಮಾನ್ರೇ, ಸೊಂಟ ಹಿಡ್ಕೊಂಡಿತ್ತು."

"ನಿಂದು ಸೊಂಟ ಬಿಡ್ಸಕ್ಕೆ ಹೋಗಿ ನಂದು ಇನ್ನೊಂದು ಕಾಲು ಮುರೀಬೇಕಾ?"

ಮೂರನೇ ಮಹಡಿಯಲ್ಲಿ ಮರಿ ಡಾಕ್ಟರು ಹತ್ತಿದರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಎಲ್ಲರಿಗೂ ಬಹುವಚನ ಹಚ್ಚಿ ಮಾತಾಡುತ್ತಿದ್ದುದರಿಂದ ಕೆಲಸಗಾರರಿಗೆ ಅವರ ಮೇಲೆ ಕನಿಕರ. "ಏನು ವ್ಯಾಯಾಮವಾ? ಒಳ್ಳೇದು, ಒಳ್ಳೇದು" ಎಂದು ಗೋಡೆ ಹಿಡಿದು ನಿಂತರು. ಅವರ ಹಿಂದೆಯೇ ದೊಡ್ಡ ಡಾಕ್ಟರು ಬಂದರು. ಕೆಳಗಿಳಿದವರೇ ಸೀಟಿಯನ್ನು ಕರೆದು, "ಲಿಫ್ಟು ಕುಣಿಯುತ್ತಿದೆ, ಯಾರು ಕುಡಿದಿದ್ದಾರೆ ನೋಡಿ" ಎಂದರು.

ಸೀಟಿ ಬಂದು ಲಿಫ್ಟಣ್ಣನ ಬಾಯಿ ಮೂಸಿ ಹೋದ. ಐವತ್ತೊಂದು ವರ್ಷದ ಮನುಷ್ಯ ಮಗುವಿನ ಹಾಗೆ "ಹಾ" ಎಂದು ಬಾಯಿ ತೆರೆದು ನಿಂತಿದ್ದ. ರೋಗಿಗಳು ನೋಡುತ್ತಿದ್ದರು.

ಕಾಲು ಹೋದರೆ ಹೋಗಲಿ, ಕೈಯಿದೆಯಲ್ಲ? ಸ್ಟೂಲಿನ ಮೇಲೆ ಕೂತೇ ಕೈ ಝಾಡಿಸತೊಡಗಿದ. ಮುಂದೆ ಹಿಂದೆ, ಮುಂದೆ ಹಿಂದೆ. ವಾಚು ನಂಬಿತು, ಅಂಕಿ ನಿಧಾನಕ್ಕೆ ಏರಿತು. ಆದರೆ ಜನ ನಂಬಬೇಕಲ್ಲ? ಒಬ್ಬ ಅಜ್ಜಿ ತನ್ನನ್ನು ಹತ್ತಬೇಡ ಎನ್ನುತ್ತಿದ್ದಾನೆಂದು ಮೂರು ಸಲ ವಾಪಸ್ಸು ಹೋದಳು. ಒಬ್ಬ ನರ್ಸಮ್ಮ ಫಿಟ್ಸು ಬಂದಿದೆಯೆಂದು ಓಡಿಬಂದು ಅವನ ಮುಷ್ಟಿಯೊಳಗೆ ಬೀಗದ ಕೈಗೊಂಚಲು ತುರುಕಿದಳು. ಇನ್ನೊಬ್ಬ ನಾಡಿ ಹಿಡಿದು ನಿಂತ. ಹನ್ನೊಂದೂವರೆಗೆ ನೋಡಿದರೆ ನಾನೂರ ಹನ್ನೆರಡು. ಹಕ್ಕಿಯ ಕೊಕ್ಕು ಇನ್ನೂ ತೆರೆದೇ ಇತ್ತು. ಬಣ್ಣ ಬಿಳಿಚಿಕೊಳ್ಳುತ್ತಿತ್ತು.

ಮೂರನೇ ಮಹಡಿಯ ಕಂಬಿಯಾಚೆ ಜೋರಕ್ಕ ನೆಲ ಒರೆಸುತ್ತಿದ್ದಳು. ಲಿಫ್ಟು ನಿಂತಿತು. ಯಾರೂ ಹತ್ತಲಿಲ್ಲ, ಇಳಿಯಲಿಲ್ಲ.

"ಯಾಕಣ್ಣ ಹಿಂಗೆ ಕೂತಿದೀಯ? ಹಾಲು ಚೆಲ್ಲಿದ ಬೆಕ್ಕಿನ ಹಾಗೆ?"

ಅವನು ಕೈ ಚಾಚಿ ವಾಚು ತೋರಿಸಿದ. ಜೋರಕ್ಕ ಬಗ್ಗಿ ನೋಡಿದಳು. ಅವಳ ದನಿ ಮೊದಲ ಸಲ ಕೆಳಗಿಳಿಯಿತು.

"ಅತ್ತಿಗೆ ಸಾಹುಕಾರ ಅಲ್ವಾ ಇದು?"

"ಹೂಂ."

"ಇನ್ನೂ ಇದಾನಾ?"

"ಇವತ್ತಿನವರೆಗೂ ಇದ್ದ."

ಜೋರಕ್ಕ ಮಾಪನ್ನು ಗೋಡೆಗೆ ಒರಗಿಸಿದಳು. "ಬಿಚ್ಚು ಅದನ್ನ. ಕೊಡು ಇಲ್ಲಿ. ಬಿಚ್ಚು ಅಂದ್ನಲ್ಲ! ಮೂರು ಸಾಯಿಸಿದವಳು ಅಂತ ಹೆದರ್ತೀಯಾ? ಅವು ನನ್ನವು, ಸತ್ತವು. ಇದು ಅತ್ತಿಗೇದು."

ಅವನಿಗೆ ಕೊಡಲು ಮನಸ್ಸಿರಲಿಲ್ಲ. ನಲವತ್ತೈದು ದಿನದಲ್ಲಿ ಅದು ಅವನ ಮೈ ಬಿಟ್ಟು ಹೋದದ್ದು ಚಾರ್ಜಿಗೆ ಇಟ್ಟಾಗ ಮಾತ್ರ. ಆದರೆ ಕೆಳಗಿನಿಂದ ಯಾರೋ ಲಿಫ್ಟಿನ ಗಂಟೆ ಬಾರಿಸುತ್ತಿದ್ದರು. ಬಿಚ್ಚಿ ಕಂಬಿಯ ಸಂದಿಯಿಂದ ದಾಟಿಸಿದ. ಜೋರಕ್ಕ ಅದನ್ನು ಕಾಲಿಗೆ, ಹಿಮ್ಮಡಿಯ ಮೇಲೆ ಕಟ್ಟಿ, ಸೀರೆ ಇಳಿಬಿಟ್ಟು, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಓಣಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ರೋಗಿಗಳ ಚಪ್ಪಲಿಯನ್ನೂ ಒರೆಸಿದಳು. ಹನ್ನೆರಡಕ್ಕೆ ಸಾವಿರದ ಎಂಟುನೂರು. ಆಮೇಲೆ ಮಂಡಿ ಸೆಟೆದುಕೊಂಡಿತು.

"ನನ್ ಕಾಲು ಮುಗೀತು. ಟೈಲರ್ ಹತ್ರ ಕೊಡ್ತೀನಿ. ಅವನು ತುಳಿಯೋನು" ಎಂದು ಮೆಟ್ಟಿಲಲ್ಲೇ ಕೂಗಿದಳು. ಮೂರು ಮಹಡಿಗೂ ಗೊತ್ತಾಯಿತು.

ಟೈಲರನದು ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಯಂತ್ರ, ನೆಲಮಾಳಿಗೆಯ ಬಟ್ಟೆಕೋಣೆಯಲ್ಲಿ. ಹನ್ನೆರಡು ವರ್ಷದಿಂದ ಅವನು ದಿನಕ್ಕೆ ನಾಲ್ಕು ದಿಂಬಿನ ಚೀಲಕ್ಕಿಂತ ಹೆಚ್ಚು ಹೊಲಿದವನಲ್ಲ. ಐದನೆಯದನ್ನು ಹೊಲಿದರೆ ನಾಳೆ ಆರು ಕೇಳುತ್ತಾರೆ ಎಂಬುದು ಅವನ ಸಿದ್ಧಾಂತ. ಆದರೆ ಅವನ ತಾಯಿ ಇದೇ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದಾಗ ದಿನಾ ಮೈ ತೊಳೆದವಳು ಅತ್ತಿಗೆ. ಅವನು ವಾಚನ್ನು ಇಸಿದುಕೊಂಡು ಯಂತ್ರದ ಕಾಲುಹಲಗೆಗೆ ದಾರದಿಂದ ಬಿಗಿದ. ತುಳಿದ. ಒಂದು ತುಳಿತಕ್ಕೆ ವಾಚು ಎರಡು ಹೆಜ್ಜೆ ಬರೆದುಕೊಂಡಿತು.

"ಅಯ್ಯೋ ಶಿವನೇ, ಇದು ಕುದುರೆ ಕಣೇ!" ಎಂದ ಟೈಲರು. ಜೋರಕ್ಕ ಚಪ್ಪಾಳೆ ತಟ್ಟಿದಳು.

ಅಲ್ಲಿಂದ ಮುಂದೆ ಲಿಫ್ಟಣ್ಣನಿಗೆ ಸುದ್ದಿ ಮೆಟ್ಟಿಲಿನಿಂದ ಬರತೊಡಗಿತು. ಒಂದೂವರೆಗೆ ಚಹಾದವನು ಕೆಟಲು ಹಿಡಿದು ಓಡುತ್ತಾ, "ಆರು ಸಾವಿರ ದಾಟ್ತು ಅಣ್ಣಾ! ಆರೂವರೆ ಹತ್ರ ಹೋಗ್ತಿದೆ! ಹಕ್ಕಿ ಎದ್ದು ಕೂತಿದೆ, ರೆಕ್ಕೆ ಬಡೀತಿದೆ!" ಎಂದ.

ಲಿಫ್ಟಣ್ಣ ಗೋಡೆಗೆ ತಲೆ ಒರಗಿಸಿದ. ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರು ಬಿಟ್ಟ. "ಸಾಕು ಕಣೋ. ಸಾಕು ಅನ್ನು ಅವನಿಗೆ. ತಂದ್ಕೊಡು ನಂಗೆ."

"ತರ್ತೀನಿ, ಈ ಒಂದು ರೌಂಡ್ ಚಹಾ ಕೊಟ್ಟು."

ತರಲು ಹೋದಾಗ ಬಟ್ಟೆಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಕೂತಿದ್ದ.

ಆದದ್ದು ಹೀಗೆ. ನೆಲಮಾಳಿಗೆಯಿಂದ ಹೊಲಿಗೆ ಯಂತ್ರದ ಸದ್ದು ನಿಲ್ಲದೆ ಬರುವುದನ್ನು ಕೇಳಿ ಸೀಟಿಗೆ ಅನುಮಾನ ಬಂತು. ಕಳ್ಳರು ನುಗ್ಗಿರಬೇಕೆಂದು ಬಂದು ನೋಡಿದರೆ ಟೈಲರು ಬೆವರು ಸುರಿಸುತ್ತಾ ತುಳಿಯುತ್ತಿದ್ದ. ಮುಂದೆ ದಿಂಬಿನ ಚೀಲಗಳ ಗುಡ್ಡೆ. ಸೀಟಿಯ ಕಣ್ಣಲ್ಲಿ ನೀರೇ ಬಂತು. "ಹನ್ನೆರಡು ವರ್ಷ ನಿನ್ನನ್ನ ಸೋಮಾರಿ ಅಂದೆನಲ್ಲೋ" ಎಂದ. ಇಂಥ ದಿನ ಮತ್ತೆ ಬರುತ್ತದೋ ಇಲ್ಲವೋ ಎಂದು ಗೋದಾಮಿನಲ್ಲಿ ವರ್ಷದಿಂದ ಬಿದ್ದಿದ್ದ ಪರದೆ ಬಟ್ಟೆಯ ಮೂರು ಥಾನು ತರಿಸಿ ಮುಂದಿಟ್ಟ. ಇಟ್ಟು, ಕುರ್ಚಿ ಎಳೆದು ಕೂತ.

ಟೈಲರು ಕಾಲು ನಿಲ್ಲಿಸಿದರೆ ಸೀಟಿ ಹಲಗೆ ನೋಡುತ್ತಾನೆ. ಹಲಗೆ ನೋಡಿದರೆ ವಾಚು ಕಾಣುತ್ತದೆ. ವಾಚು ಕಂಡರೆ ಮುಗಿಯಿತು. ಹಾಗಾಗಿ ಅವನು ತುಳಿದ. ಪರದೆಯ ಮೇಲೆ ಪರದೆ, ಅಂಚಿನ ಮೇಲೆ ಅಂಚು. ಒಂದು ಪರದೆಗೆ ಗಾಬರಿಯಲ್ಲಿ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದ. ಬಾಗಿಲಲ್ಲಿ ಚಹಾದವನು ಇಣುಕಿದರೆ ಅವನು ಕಣ್ಣಲ್ಲೇ "ಕಾಪಾಡೋ" ಎಂದ.

"ಚಹಾ ಬೇಕಾ ಸಾರ್?" ಎಂದ ಚಹಾದವನು ಸೀಟಿಗೆ.

"ಈಗ ಬೇಡ. ಕೆಲಸ ನಡೀತಿರೋದನ್ನ ನೋಡಿದ್ರೇ ಹೊಟ್ಟೆ ತುಂಬತ್ತೆ."

ಬೇರೆಯವರ ಕಾಲು ತಿರುಗುವುದನ್ನು ನೋಡಿ ಹೊಟ್ಟೆ ತುಂಬಿಸಿಕೊಳ್ಳುವ ಜಾತಿ ಅದು. ಅಂಥವರಿಗೆ ಕುರ್ಚಿ ಎಲ್ಲಿ ಹೋದರೂ ಸಿಗುತ್ತದೆ.

ಮೂರಾಯಿತು, ನಾಲ್ಕಾಯಿತು. ಲಿಫ್ಟಣ್ಣ ಪ್ರತಿ ಮಹಡಿಯಲ್ಲೂ ಕಂಬಿಗೆ ಮುಖವಿಟ್ಟು ಕೇಳುತ್ತಿದ್ದ. "ಬಂತಾ?"

"ಇಲ್ಲ ಅಣ್ಣ. ಸೀಟಿ ಅಲ್ಲಾಡ್ತಿಲ್ಲ. ಆದ್ರೆ ಯೋಚ್ನೆ ಬೇಡ, ಹದಿನೆಂಟು ಸಾವಿರ!" ಎಂದಳು ಜೋರಕ್ಕ. ಇನ್ನೊಂದು ಸುತ್ತಿಗೆ, "ಇಪ್ಪತ್ತಾರು!" ಅವಳ ಮುಖದಲ್ಲಿ ಹಬ್ಬ. "ಅಣ್ಣಾ, ನಾಳೆದು, ನಾಡಿದ್ದಿಂದು, ಒಂದು ವಾರದ್ದು ಒಟ್ಟಿಗೇ ತಿನ್ನಿಸ್ತಿದೀವಿ. ನೀನು ಆರಾಮಾಗಿ ಬಸ್ಸಲ್ಲಿ ಬಾ."

"ಅಷ್ಟು ಬೇಡ ಜೋರಕ್ಕ. ಹೊಟ್ಟೆ ಕೆಟ್ಟೀತು."

"ಸಾಹುಕಾರನಿಗೆ ಎಲ್ಲಾದ್ರೂ ಹೊಟ್ಟೆ ಕೆಡತ್ತಾ? ನಮ್ಮಂಥೋರಿಗೆ ಕೆಡೋದು!"

ಅವಳು ನಕ್ಕಳು. ಅವನೂ ನಕ್ಕ. ನಲವತ್ತೈದು ದಿನದಲ್ಲಿ ಮೊದಲ ಸಲ ಹಲ್ಲು ಕಾಣಿಸಿತು. ಇಡೀ ಕಟ್ಟಡದ ತಳದಲ್ಲಿ ಯಾರೋ ತನ್ನ ಹೆಂಡತಿಗಾಗಿ ನಡೆಯುತ್ತಿದ್ದಾರೆ ಎಂಬ ಯೋಚನೆ ಅವನ ಎದೆಯೊಳಗೆ ಬಿಸಿ ನೀರಿನ ಚೀಲದಂತೆ ಕೂತಿತು. ಒಬ್ಬನೇ ಹೊತ್ತುಕೊಂಡಿದ್ದೆ, ಹೊರಲು ಇನ್ನೂ ಜನ ಇದ್ದರಲ್ಲ ಎಂದುಕೊಂಡ. ಸಂಜೆಯ ನಂತರ ಮನೆಗೆ ಹೋಗಿ ಸಾಹುಕಾರನಿಗೆ ಇದನ್ನೆಲ್ಲ ಹೇಳಬೇಕೆಂದುಕೊಂಡ. ಅದಕ್ಕೆ ಹೇಳಿದರೆ ಅವಳಿಗೆ ಹೇಳಿದ ಹಾಗೆಯೇ.

ಐದೂ ಮುಕ್ಕಾಲಿಗೆ ಸೀಟಿ ಕುರ್ಚಿ ಬಿಟ್ಟು ಎದ್ದ. ಐದು ಐವತ್ತಕ್ಕೆ ನೆಲಮಾಳಿಗೆಯ ಮೆಟ್ಟಿಲಿನಿಂದ ಒಂದು ಮೆರವಣಿಗೆ ಹೊರಟಿತು. ಮುಂದೆ ಜೋರಕ್ಕ, ಅವಳ ಎರಡೂ ಅಂಗೈ ಮೇಲೆ ವಾಚು. ನಡುವೆ ಚಹಾದವನ ಹೆಗಲಿಗೆ ಜೋತುಬಿದ್ದ ಟೈಲರು, ಅವನ ಕಾಲುಗಳು ನೆಲದ ಮೇಲಿದ್ದರೂ ಇನ್ನೂ ತುಳಿಯುತ್ತಲೇ ಇದ್ದವು. ಅಂಗಿಯ ಒಂದು ತೋಳಿಗೆ ಹಸಿರು ಪರದೆ ನೇತಾಡುತ್ತಿತ್ತು. ಲಿಫ್ಟಿನಲ್ಲಿ ಮರಿ ಡಾಕ್ಟರು ಒಬ್ಬರೇ ಇದ್ದರು. ಗುಂಪು ನೋಡಿ ಯಾರಿಗೋ ಪೆಟ್ಟಾಗಿದೆಯೆಂದು ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡರು.

"ನಲವತ್ತೊಂದು ಸಾವಿರ!" ಎಂದು ಜೋರಕ್ಕ ಕೂಗಿದಳು. "ತಗೋ ಅಣ್ಣಾ, ನಿನ್ ಸಾಹುಕಾರ!"

ಲಿಫ್ಟಣ್ಣ ಎರಡೂ ಕೈ ಒಡ್ಡಿ ತೆಗೆದುಕೊಂಡ.

ವಾಚಿನಲ್ಲಿ ಹಕ್ಕಿ ಇರಲಿಲ್ಲ. ನೀಲಿ ಬಣ್ಣದ ಖಾಲಿ ಆಕಾಶವಿತ್ತು. ಸುತ್ತ ಚಿಕ್ಕಚಿಕ್ಕ ನಕ್ಷತ್ರಗಳು ಮಿನುಗುತ್ತಿದ್ದವು. ಮೇಲೆ ಎರಡು ಸಾಲು ಅಕ್ಷರ. ಮರಿ ಡಾಕ್ಟರನ್ನು ಬಿಟ್ಟರೆ ಅಲ್ಲಿದ್ದವರಲ್ಲಿ ಯಾರಿಗೂ ಆ ಇಂಗ್ಲಿಷ್ ಅಕ್ಷರ ಬಾರದು.

"ಎಲ್ಲಿ?" ಎಂದ.

"ಏನೆಲ್ಲಿ? ಅಲ್ಲೇ ಇತ್ತಲ್ಲ, ಈಗ ತಾನೇ ಬಿಚ್ಚುವಾಗ ರೆಕ್ಕೆ ಬಡೀತಿತ್ತು!" ಎಂದ ಟೈಲರು.

ಲಿಫ್ಟಣ್ಣ ವಾಚನ್ನು ಮರಿ ಡಾಕ್ಟರ ಮುಂದೆ ಹಿಡಿದ. "ಸ್ವಲ್ಪ ಓದಿ ಡಾಕ್ಟ್ರೇ."

ಅವರು ಬಗ್ಗಿ ಓದಿದರು. ಮುಖ ಅರಳಿತು. "ಅರೆ! ಅಭಿನಂದನೆ ಅಂತ ಬರೆದಿದೆ. ಈ ಆಟ ಯಾರೂ ಇಲ್ಲೀವರೆಗೆ ಮುಗಿಸಿದ್ದು ನಾನು ನೋಡಿಲ್ಲ. ಐವತ್ತು ಲಕ್ಷ ಹೆಜ್ಜೆ ಪೂರ್ತಿ ಆಗಿದೆ. ಐವತ್ತು ಲಕ್ಷ! ಮರಿ ದೊಡ್ಡದಾಯ್ತು, ಗೂಡು ಬಿಟ್ಟು ಹಾರಿಹೋಯ್ತು. ನೀವು ಗೆದ್ದಿರಿ."



"ವಾಪಸ್ಸು ಬರಲ್ವಾ?" ಎಂದಳು ಜೋರಕ್ಕ. ಆ ದನಿ ಪಕ್ಕದವರಿಗೂ ಕೇಳಿಸುವಷ್ಟಿರಲಿಲ್ಲ.

"ಇಲ್ಲ. ಆಟ ಮುಗೀತಲ್ಲ."

ಮರಿ ಡಾಕ್ಟರಿಗೆ ತಾನು ಏನು ಹೇಳಿದೆನೆಂದು ತಿಳಿದಿರಲಿಲ್ಲ. ಅವರಿಗಾದರೂ ಹೇಗೆ ತಿಳಿಯಬೇಕು? ಐವತ್ತು ಲಕ್ಷದಲ್ಲಿ ನಲವತ್ತಾರೂ ಚಿಲ್ಲರೆ ಲಕ್ಷವನ್ನು ಇದೇ ಓಣಿಗಳಲ್ಲಿ, ಇದೇ ಮೆಟ್ಟಿಲುಗಳಲ್ಲಿ, ಬಕೆಟ್ಟು ಹೊತ್ತು ನಡೆದವಳೊಬ್ಬಳಿದ್ದಳು. ಎದೆ ಒಡೆಯುವವರೆಗೆ ನಡೆದಿದ್ದಳು. ಉಳಿದದ್ದನ್ನು ಅವಳ ಗಂಡ ದಿನಕ್ಕಿಷ್ಟೆಂದು ಜಿಪುಣನಂತೆ ಉಣಿಸುತ್ತಿದ್ದ. ಅವನ ಲೆಕ್ಕದಲ್ಲೇ ಹೋಗಿದ್ದರೆ ಸಾಹುಕಾರ ಇನ್ನೂ ಒಂದು ವಾರ ಇರುತ್ತಿದ್ದ. ಉಣಿಸದಿದ್ದರೆ ಇವತ್ತು ಹೊತ್ತು ಮುಳುಗುವಾಗ ಸಾಯುತ್ತಿದ್ದ. ಹೊಟ್ಟೆ ತುಂಬ ಉಣಿಸಿದ್ದಕ್ಕೆ ಹೊತ್ತು ಮುಳುಗುವ ಮೊದಲೇ ಹೋದ.

ಟೈಲರು ಮೆಟ್ಟಿಲ ಮೇಲೆ ಕುಸಿದ. "ನನ್ನ ಕಾಲಿಗಿಷ್ಟು ಬೆಂಕಿ ಹಾಕ" ಎಂದ.

"ನಿಂದಲ್ಲ, ಆ ಸೀಟಿ ಕುರ್ಚಿಗೆ ಹಾಕ್ಬೇಕು" ಎಂದಳು ಜೋರಕ್ಕ, ಮೂಗು ಒರೆಸಿಕೊಳ್ಳುತ್ತಾ.

ಲಿಫ್ಟಣ್ಣ ಖಾಲಿ ಆಕಾಶವನ್ನೇ ನೋಡುತ್ತಿದ್ದ. ಅದರ ಮೂಲೆಯಲ್ಲಿ ಇನ್ನೂ ಒಟ್ಟು ಹೆಜ್ಜೆಯ ಆ ಅಂಕಿಯಿತ್ತು, ಏಳು ಅಂಕೆಯ ಉದ್ದದ ಸಾಲು. ಹಕ್ಕಿ ಹೋದರೆ ಹೋಗಲಿ, ಅಂಕಿ ಇದೆಯಲ್ಲ ಎಂದುಕೊಂಡ. ಅವಳು ನಡೆದದ್ದು ಅದರೊಳಗಿದೆ. ಇದನ್ನು ಹೀಗೇ ಇಟ್ಟುಕೊಳ್ಳಬಹುದು. ಚಾರ್ಜು ಮಾಡಿ, ಬೀಳದಂತೆ, ಯಾರೂ ಮುಟ್ಟದಂತೆ. ಇನ್ನು ಮುಂದೆ ಇದಕ್ಕೆ ಊಟವೂ ಬೇಡ.

ಅಷ್ಟರಲ್ಲಿ ಆಕಾಶದ ನಡುವೆ ಒಂದು ಬಿಳಿ ಮೊಟ್ಟೆ ಮೂಡಿತು. ಕೆಳಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ.

"ಹೊಸದಾಗಿ ಶುರು ಮಾಡಬೇಕಾ ಅಂತ ಕೇಳ್ತಿದೆ" ಎಂದರು ಮರಿ ಡಾಕ್ಟರು. "ಮಾಡಿದರೆ ಹಳೇದೆಲ್ಲ ಅಳಿಸಿ..."

"ಶುರು ಮಾಡಬೇಕಾ ಅಂದ್ರೆ! ಇದೂ ಕೇಳೋ ಮಾತಾ?" ಎಂದು ಚಹಾದವನು ನಡುವೆ ನುಗ್ಗಿದ. ಅಣ್ಣನ ಮುಖ ನೋಡಲಾಗದೆ, ಏನಾದರೂ ಮಾಡಬೇಕು, ಈಗಲೇ ಮಾಡಬೇಕು ಎಂಬ ತವಕದಲ್ಲಿ ಚಹಾದ ಕಲೆಯಿದ್ದ ಹೆಬ್ಬೆರಳನ್ನು ಹಸಿರು ಗುಂಡಿಯ ಮೇಲೆ ಒತ್ತಿಬಿಟ್ಟ.

ಏಳು ಅಂಕೆಗಳು ಒಂದು ಸಲ ಮಿನುಗಿ ಒಂದೇ ಸೊನ್ನೆಯಾದವು. ಮೊಟ್ಟೆ ಬಿರಿಯಿತು. ಒದ್ದೆ ಮೈಯ, ಕಡ್ಡಿ ಕಾಲಿನ ಮರಿಯೊಂದು ಹೊರಗೆ ಬಂದು, ಅಲ್ಲಿ ನೆರೆದವರನ್ನೆಲ್ಲ ಒಂದು ಸುತ್ತು ನೋಡಿ, ಕೊಕ್ಕು ತೆರೆಯಿತು.

"ಬಂತು! ಬಂತು ನೋಡಣ್ಣ!" ಎಂದು ಚಹಾದವನು ಕುಣಿದ.

"ನಾಳೆ ಬೆಳಿಗ್ಗೆದು ನಂದು. ಆದರೆ ಆರು ಸಾವಿರ ಆದ ತಕ್ಷಣ ಬಿಚ್ಚಿಬಿಡ್ತೀನಿ, ಒಂದು ಹೆಜ್ಜೆ ಜಾಸ್ತಿ ಇಲ್ಲ" ಎಂದ ಟೈಲರು ಕಣ್ಣೊರೆಸಿಕೊಂಡು.

"ಮಧ್ಯಾಹ್ನದ್ದು ನಂದು" ಎಂದಳು ಜೋರಕ್ಕ. "ನೋಡಣ್ಣ, ಹೆಂಗೆ ಬಾಯಿ ಬಿಡ್ತಿದೆ! ಅತ್ತಿಗೆಯೇ ಕಳಿಸಿದ ಹಾಗಿದೆ."

ಎಲ್ಲರ ಮುಖದಲ್ಲೂ ಬೆಳಕು ಬಂದಿತ್ತು. ಇಡೀ ದಿನ ಅವರೆಲ್ಲ ಅವನಿಗಾಗಿ ಕಾಲು ಸವೆಸಿದ್ದರು, ತೋಳು ಹೊಲಿದುಕೊಂಡಿದ್ದರು. ಅವನು ಏನಾದರೂ ಹೇಳಲಿ ಎಂದು ಕಾಯುತ್ತಾ ಕಂಬಿ ಹಿಡಿದು ನಿಂತರು.

ಲಿಫ್ಟಣ್ಣ ಮರಿಯನ್ನು ನೋಡಿದ. ಅದು ಅವನನ್ನು ನೋಡಿತು. ಹಸಿವೊಂದನ್ನು ಬಿಟ್ಟು ಅದಕ್ಕೆ ಇನ್ನೇನೂ ಗೊತ್ತಿರಲಿಲ್ಲ.

"ಇದು... ನಂದು" ಎಂದ.

"ನಿಂದೇ ಮತ್ತೆ! ಇನ್ಯಾರದು?" ಎಂದು ಎಲ್ಲರೂ ಒಟ್ಟಿಗೆ ಹೇಳಿ ಚಪ್ಪಾಳೆ ತಟ್ಟಿದರು.

ಅವನು ಹೇಳಲು ಹೊರಟಿದ್ದೂ ಅದೇ, ಇದು ತನ್ನದು, ಅವಳದಲ್ಲ ಎಂದು. ಅಷ್ಟು ಒಳ್ಳೆಯ ಜನಕ್ಕೆ ಮತ್ತೊಮ್ಮೆ ಬಿಡಿಸಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ವಾಚನ್ನು ಕೈಗೆ ಕಟ್ಟಿಕೊಂಡು ತಲೆ ಅಲ್ಲಾಡಿಸಿದ.